ಬಸುರಿಯೂ ಚುಚ್ಚುಮದ್ದೂ

ಜಮಖಂಡಿ, ಮುಧೋಳಗಳು 1948ರವರೆಗೆ ಸಂಸ್ಥಾನಗಳಾಗಿದ್ದವು. ಅರಸರ ಕಥೆಗೆ ಬಖೈರುಗಳುಂಟು. ಬಾಣಂತಿಕೋಣೆಯ ಕಥೆಯನ್ನು ಬರೆದವರಾರು? ಬೀಳಗಿಯ ಒಕ್ಕಲುತನದ ಮನೆಯಾಗಲಿ, ರಬಕವಿ-ಬನಹಟ್ಟಿಯ ಮಗ್ಗದ ಮನೆಯಾಗಲಿ, ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದಲ್ಲೆಲ್ಲ ಧನುರ್ವಾಯುವಿನ ಭಯವಿತ್ತು. ವಾರದ ಕೂಸು ಮೊಲೆಯುಣ್ಣಲಾರದೆ ಬಿಲ್ಲಿನಂತೆ ಸೆಟೆಯುವುದು; ಹೆಸರು ಎಷ್ಟು ಯಥಾರ್ಥ! ಬಸುರಿಗೆ ಲಸಿಕೆ ಹಾಕಿದರೆ ಅವಳ ರಕ್ತದಲ್ಲಿ ಹುಟ್ಟಿದ ರಕ್ಷಣೆ ಗರ್ಭದ ಶಿಶುವಿಗೂ ಇಳಿಯುತ್ತದೆ. ಈ ಬಲದಿಂದಲೂ ಶುಚಿಯಾದ ಹೆರಿಗೆಯಿಂದಲೂ ಭಾರತದ ಪ್ರತಿ ಜಿಲ್ಲೆಯಲ್ಲಿ ನವಜಾತರ ಧನುರ್ವಾಯು ಸಾವಿರ ಜನನಕ್ಕೆ ಒಂದಕ್ಕಿಂತ ಕೆಳಗಿಳಿದುದು 2015ರಲ್ಲಿ ದೃಢಪಟ್ಟಿತು.

ಕೋವಿಡ್ ಬಂದಾಗ ಪ್ರಶ್ನೆ ಮರಳಿತು. ಲಸಿಕೆಯ ಮೊದಲ ಪರೀಕ್ಷೆಗಳಲ್ಲಿ ಬಸುರಿಯರನ್ನು ಸೇರಿಸಿರಲಿಲ್ಲ. ಆದುದರಿಂದ 2021ರ ಜನವರಿಯಲ್ಲಿ ಅವರಿಗೆ ಲಸಿಕೆ ದೊರೆಯಲಿಲ್ಲ. ಅವರ ಅಂಜಿಕೆಯನ್ನು ಬರಿಯ ಮೂಢತನವೆನ್ನಲಾಗದು. ಜುಲೈ 2ರಂದು ಕೇಂದ್ರ ಸರಕಾರವು ಅನುಮತಿಯಿತ್ತು, ಲಾಭನಷ್ಟಗಳನ್ನು ತಿಳಿಸಿ, ನಿರ್ಧಾರವನ್ನು ಅವಳಿಗೇ ಬಿಟ್ಟಿತು. ಅತ್ತೆಯ ಮಾತೇ ನಡೆಯುವ ಮನೆಗಳಲ್ಲಿ ಅದೇನು ಸಣ್ಣ ಸಂಗತಿಯಲ್ಲ.