ಕಟಾವಾದ ಕಬ್ಬು, ಉಷ್ಣಾಂಶ ಮತ್ತು ಸಕ್ಕರೆಯ ನಷ್ಟ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬು ಪ್ರಮುಖ ವಾಣಿಜ್ಯ ಬೆಳೆಯಾಗಿರುತ್ತದೆ. ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್ ತಿಂಗಳಲ್ಲಿ ಆರಂಭವಾಗಿ ಬೇಸಿಗೆಯ ಹೊಸ್ತಿಲವರೆಗೂ ಮುಂದುವರಿಯುತ್ತದೆ. ಚಳಿಗಾಲದಲ್ಲಿ ಕಟಾವಾದ ಕಬ್ಬಿಗಿಂತ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಕಟಾವಾದ ಕಬ್ಬು ಬೇಗನೆ ಕೆಡುತ್ತದೆ. ಉಷ್ಣಾಂಶ ಏರಿದಂತೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುವುದು ಇದಕ್ಕೆ ಮುಖ್ಯ ಕಾರಣ.

ಕ್ರಿಯೆಯ ಸ್ವರೂಪ

ಕಬ್ಬಿನ ರಸದಲ್ಲಿರುವ ಸಕ್ಕರೆಯ ಹೆಸರು ಸುಕ್ರೋಸ್. ಕಟಾವಿನ ನಂತರ ಇನ್ವರ್ಟೇಸ್ ಎಂಬ ಕಿಣ್ವದಿಂದಲೂ ರಸದ ಆಮ್ಲೀಯ ಗುಣದಿಂದಲೂ ಸುಕ್ರೋಸ್ ನೀರಿನೊಡನೆ ವರ್ತಿಸಿ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ಇವು ಸಕ್ಕರೆಯ ಹರಳಾಗದೆ ಕಾಕಂಬಿಯಲ್ಲಿ ಉಳಿಯುತ್ತವೆ. ಜೊತೆಗೆ ತೇವಾಂಶ ಆರಿ ಕಬ್ಬಿನ ತೂಕವೂ ಇಳಿಯುತ್ತದೆ.

ಉಷ್ಣಾಂಶದ ಪ್ರಭಾವ

ಅಣುಗಳು ಪರಸ್ಪರ ಢಿಕ್ಕಿ ಹೊಡೆದಾಗ ಅವುಗಳಲ್ಲಿ ನಿರ್ದಿಷ್ಟ ಕನಿಷ್ಠ ಶಕ್ತಿ ಇದ್ದರೆ ಮಾತ್ರ ಕ್ರಿಯೆ ಜರುಗುತ್ತದೆ. ಉಷ್ಣಾಂಶ ಸ್ವಲ್ಪವೇ ಏರಿದರೂ ಇಂತಹ ಶಕ್ತಿಯುಳ್ಳ ಅಣುಗಳ ಪ್ರಮಾಣ ಬಹಳ ಹೆಚ್ಚುತ್ತದೆ. ಅನೇಕ ಕ್ರಿಯೆಗಳಲ್ಲಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ವೇಗವು ಸುಮಾರು 2 ಪಟ್ಟಾಗುತ್ತದೆ. ಆಮ್ಲದಿಂದ ಸುಕ್ರೋಸ್ ಒಡೆಯುವ ಕ್ರಿಯೆಯಲ್ಲಿ, 25 ರಿಂದ 35 ಡಿಗ್ರಿಗೆ ಏರಿದಾಗ, ವೇಗವು ಸುಮಾರು 4 ಪಟ್ಟಾಗುತ್ತದೆ.

ರಾಸಾಯನಿಕ ಕ್ರಿಯೆಯ ವೇಗವನ್ನು ಅಳೆಯುವ ಶಾಸ್ತ್ರವು ಇದೇ ಸಕ್ಕರೆಯ ಅಧ್ಯಯನದಿಂದ ಬೆಳೆಯಿತೆಂಬುದು ಗಮನಾರ್ಹ. ಜರ್ಮನಿಯ ವಿಲ್ಹೆಲ್ಮಿ 1850 ರಲ್ಲಿ ಸುಕ್ರೋಸ್ ಒಡೆಯುವ ವೇಗವನ್ನು ಅಳೆದರು. ಸ್ವೀಡನ್ನಿನ ಅರ್ಹೇನಿಯಸ್ 1889 ರಲ್ಲಿ ಇದೇ ಕ್ರಿಯೆಯನ್ನು ಆಧರಿಸಿ ಉಷ್ಣಾಂಶ ಮತ್ತು ವೇಗಗಳ ಸಂಬಂಧವನ್ನು ವಿವರಿಸಿದರು.

ಬೆಲ್ಲದ ತಯಾರಿಕೆಯಲ್ಲಿ

ಕೊಪ್ಪರಿಗೆಯಲ್ಲಿ ರಸ ಕುದಿಯುವಾಗ ಕಿಣ್ವವು ನಾಶವಾಗುತ್ತದೆ. ಆದರೆ ಆಮ್ಲದಿಂದ ನಡೆಯುವ ಕ್ರಿಯೆ ಆ ಶಾಖದಲ್ಲಿ ಅತಿ ವೇಗವಾಗಿ ಸಾಗುತ್ತದೆ. ಮಿತವಾಗಿ ಸುಣ್ಣದ ತಿಳಿ ಬೆರೆಸಿ ರಸದ ಆಮ್ಲೀಯತೆಯನ್ನು ತಗ್ಗಿಸುವುದು ಈ ಕಾರಣಕ್ಕಾಗಿಯೇ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಪಾಕವು ಸುಮಾರು 118 ಡಿಗ್ರಿ ತಲುಪಿದಾಗ ತಡಮಾಡದೆ ಇಳಿಸಿ ತಣಿಸಬೇಕು. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಹೆಚ್ಚಿರುವ ಬೆಲ್ಲ ಗಟ್ಟಿಯಾಗದೆ ಮಳೆಗಾಲದಲ್ಲಿ ನೀರೊಡೆಯುತ್ತದೆ.

ರೈತ ಬಾಂಧವರು ಗಮನಿಸಬೇಕಾದ ಅಂಶಗಳು

1. ಕಾರ್ಖಾನೆಯಿಂದ ಕಟಾವಿನ ಅನುಮತಿ ಮತ್ತು ವಾಹನ ಖಚಿತವಾದ ನಂತರವೇ ಕಬ್ಬು ಕಡಿಸುವುದು.
2. ಸಾಧ್ಯವಾದಷ್ಟು 24 ಗಂಟೆಗಳೊಳಗೆ ಕಬ್ಬನ್ನು ನುರಿಸಲು ತಲುಪಿಸುವುದು. ಬೇಸಿಗೆಯಲ್ಲಿ ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವುದು.
3. ವಿಳಂಬ ಅನಿವಾರ್ಯವಾದಲ್ಲಿ ಕಬ್ಬನ್ನು ನೆರಳಿನಲ್ಲಿ ರಾಶಿ ಹಾಕಿ, ರವದಿ ಹೊದಿಸಿ, ನೀರು ಚಿಮುಕಿಸುವುದು.
4. ನಿಂತ ಬೆಳೆಗೆ ಬೆಂಕಿ ಹಚ್ಚಿ ಕಟಾವು ಮಾಡದಿರುವುದು. ಸುಟ್ಟ ಕಬ್ಬು ಇನ್ನಷ್ಟು ಬೇಗ ಕೆಡುತ್ತದೆ.

ಕಬ್ಬಿಗೆ ಹಣ ಪಾವತಿಯಾಗುವುದು ತೂಕದ ಮೇಲೆ. ಕೇಂದ್ರ ಸರ್ಕಾರ ನಿಗದಿಪಡಿಸುವ ನ್ಯಾಯಸಮ್ಮತ ಹಾಗೂ ಲಾಭದಾಯಕ ಬೆಲೆಯು ಕಾರ್ಖಾನೆಯ ಸಕ್ಕರೆ ಇಳುವರಿಗೆ ಹೊಂದಿಕೊಂಡಿರುತ್ತದೆ. ಆದುದರಿಂದ ಬಿಸಿಲಿನಲ್ಲಿ ಕಾದು ನಿಂತ ಒಂದು ಟ್ರ್ಯಾಕ್ಟರ್ ಕಬ್ಬಿನ ನಷ್ಟವು ಆ ರೈತನ ತೂಕದ ಚೀಟಿಯಲ್ಲಿಯೂ ಕಾರ್ಖಾನೆಯ ಒಟ್ಟು ಇಳುವರಿಯಲ್ಲಿಯೂ ಕಾಣುತ್ತದೆ. ಕಟಾವು ಮತ್ತು ಸಾಗಾಣಿಕೆಯ ವೇಳೆಯನ್ನು ಹೊಂದಿಸಿಕೊಂಡು ಈ ನಷ್ಟವನ್ನು ತಗ್ಗಿಸಲು ರೈತರು, ಕಟಾವು ತಂಡದವರು ಮತ್ತು ಕಾರ್ಖಾನೆಗಳು ಸಹಕರಿಸಬೇಕಾಗಿ ಕೋರಲಾಗಿದೆ.