ಗರ್ಭಿಣಿಯರ ಔಷಧ ಸೇವನೆ ಮತ್ತು ಸಂಶೋಧನಾ ಸಮ್ಮತಿಯ ಮೇಲಿನ ಸಾಮಾಜಿಕ ಪ್ರಭಾವ

ಗರ್ಭಿಣಿಯು ಔಷಧವನ್ನು ಸೇವಿಸುವ ಅಥವಾ ವೈದ್ಯಕೀಯ ಸಂಶೋಧನೆಯಲ್ಲಿ ಭಾಗವಹಿಸುವ ನಿರ್ಧಾರದ ಮೇಲೆ ಕುಟುಂಬ, ನೆರೆಹೊರೆ ಮತ್ತು ಆರೋಗ್ಯ ಕಾರ್ಯಕರ್ತರು ಬೀರುವ ಪರಿಣಾಮವನ್ನು '''ಸಾಮಾಜಿಕ ಪ್ರಭಾವ''' ಎನ್ನಲಾಗುತ್ತದೆ. ಸಮ್ಮತಿ ನೀಡುವ ಹಕ್ಕು ಗರ್ಭಿಣಿಯದೇ ಆದರೂ ನಿರ್ಧಾರ ಹಲವು ಬಾರಿ ಮನೆಯವರೆಲ್ಲರ ಮಾತಿನಿಂದ ರೂಪುಗೊಳ್ಳುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನಂತಹ ಗ್ರಾಮೀಣ ತಾಲ್ಲೂಕುಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

== ಹಿನ್ನೆಲೆ ==
2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇದನ್ನು ತಡೆಯಲು 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವುಳ್ಳ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ 180 ದಿನ ಸೇವಿಸಲು ಸರ್ಕಾರ ಉಚಿತವಾಗಿ ನೀಡುತ್ತದೆ. ಕರ್ನಾಟಕದಲ್ಲಿ ಉಪಕೇಂದ್ರಗಳು, ಆಶಾ ಕಾರ್ಯಕರ್ತೆಯರು ಮತ್ತು 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಅಂಗನವಾಡಿಗಳ ಮೂಲಕ ಮಾತ್ರೆಗಳು ದೊರೆಯುತ್ತವೆ. ಆದರೆ ಮಾತ್ರೆ ಕೈಗೆ ಬಂದ ಮಾತ್ರಕ್ಕೆ ಅದರ ಸೇವನೆ ಖಚಿತವಾಗುವುದಿಲ್ಲ.

== ಕುಟುಂಬ ಮತ್ತು ನಂಬಿಕೆಗಳು ==
ಗರ್ಭಿಣಿಯ ಆಹಾರ ಮತ್ತು ಔಷಧದ ವಿಷಯದಲ್ಲಿ ಅತ್ತೆ, ತಾಯಿ ಮತ್ತು ಗಂಡನ ಮಾತಿಗೆ ತೂಕ ಹೆಚ್ಚು. ಮಾತ್ರೆ ಉಷ್ಣ, ಅದರಿಂದ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ, ಮಗುವಿನ ಬಣ್ಣ ಕಪ್ಪಾಗುತ್ತದೆ ಎಂಬ ನಂಬಿಕೆಗಳು ಪ್ರಚಲಿತವಾಗಿವೆ. ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಅವರು ದಕ್ಷಿಣ ಕನ್ನಡದಲ್ಲಿ ನಡೆಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನವು ಗರ್ಭಿಣಿಯ ಆಹಾರಕ್ರಮ ಮತ್ತು ಮಗುವಿನ ಗಾತ್ರದ ಬಗೆಗಿನ ಇಂತಹ ಕಲ್ಪನೆಗಳನ್ನು ದಾಖಲಿಸಿದೆ. ಮಲಬದ್ಧತೆ, ವಾಕರಿಕೆ, ಮಲ ಕಪ್ಪಾಗುವುದು ಮುಂತಾದ ಅಡ್ಡಪರಿಣಾಮಗಳು ಈ ಭಯವನ್ನು ಬಲಪಡಿಸುತ್ತವೆ. ಮಲ ಕಪ್ಪಾಗುವುದು ಅಪಾಯಕಾರಿಯಲ್ಲ ಎಂದು ಮೊದಲೇ ತಿಳಿಸಿದರೆ ಸೇವನೆ ಮುಂದುವರಿಯುವ ಸಾಧ್ಯತೆ ಹೆಚ್ಚು.

ಚೊಚ್ಚಲ ಹೆರಿಗೆಗೆ ತವರುಮನೆಗೆ ಹೋಗುವ ಪದ್ಧತಿಯೂ ಪರಿಣಾಮ ಬೀರುತ್ತದೆ. ತವರು ಬೇರೆ ತಾಲ್ಲೂಕಿನಲ್ಲಿದ್ದರೆ ಆಶಾ ಕಾರ್ಯಕರ್ತೆ, ಉಪಕೇಂದ್ರ ಮತ್ತು ಸಲಹೆ ನೀಡುವ ಹಿರಿಯರು ಬದಲಾಗುತ್ತಾರೆ. ಆಗ ಹಿಂದಿನ ತಪಾಸಣೆಯ ವಿವರಗಳನ್ನು ಒದಗಿಸುವುದು ತಾಯಿ ಕಾರ್ಡ್.

== ಸಂಶೋಧನೆಯಲ್ಲಿ ಭಾಗವಹಿಸುವಿಕೆ ==
1960ರ ದಶಕದ ಆರಂಭದಲ್ಲಿ ಥಾಲಿಡೊಮೈಡ್ ದುರಂತ ಬೆಳಕಿಗೆ ಬಂದ ನಂತರ ಗರ್ಭಿಣಿಯರನ್ನು ಔಷಧ ಪ್ರಯೋಗಗಳಿಂದ ದೂರವಿಡುವ ಪ್ರವೃತ್ತಿ ಬೆಳೆಯಿತು. ಇದರಿಂದ ಅನೇಕ ಔಷಧಗಳ ಬಗ್ಗೆ ಗರ್ಭಿಣಿಯರಿಗೆ ಸಂಬಂಧಿಸಿದ ಮಾಹಿತಿ ಕಡಿಮೆಯಾಯಿತು. ಕೋವಿಡ್ ಲಸಿಕೆಗಳ ಆರಂಭಿಕ ಪ್ರಯೋಗಗಳಲ್ಲೂ ಅವರನ್ನು ಸೇರಿಸಿರಲಿಲ್ಲ. ಭಾರತದಲ್ಲಿ ಅವರಿಗೆ ಲಸಿಕೆ ನೀಡಲು ಅನುಮತಿ ದೊರೆತದ್ದು 2021ರ ಜುಲೈನಲ್ಲಿ.

ಗ್ರಾಮೀಣ ಮಹಿಳೆಯರ ಭಾಗವಹಿಸುವಿಕೆಯಿಂದ ಚಿಕಿತ್ಸೆ ಸುಧಾರಿಸಿದ ಉದಾಹರಣೆ ಕರ್ನಾಟಕದಲ್ಲಿಯೇ ಇದೆ. ಬೆಳಗಾವಿ ಜಿಲ್ಲೆಯಲ್ಲಿ 1,620 ಮಹಿಳೆಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಹೆರಿಗೆಯ ನಂತರದ ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿದುದು ಕಂಡುಬಂತು. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬಾಯಿಯ ಮೂಲಕ ನೀಡುವ ಕಬ್ಬಿಣಾಂಶವನ್ನು ರಕ್ತನಾಳದ ಮೂಲಕ ನೀಡುವ ಕಬ್ಬಿಣಾಂಶದೊಡನೆ ಹೋಲಿಸುವ ‘ರಾಪಿಡ್‌ಐರನ್’ ಪ್ರಯೋಗವನ್ನು ಕರ್ನಾಟಕ ಮತ್ತು ರಾಜಸ್ಥಾನದ 4,320 ಗರ್ಭಿಣಿಯರಿಗಾಗಿ ರೂಪಿಸಲಾಯಿತು.

== ಸಮ್ಮತಿಯ ನಿಯಮಗಳು ==
ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಸಮುದಾಯದ ಅನುಮತಿಯು ವ್ಯಕ್ತಿಯ ಸಮ್ಮತಿಗೆ ಬದಲಿಯಾಗದು. ಓದು ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿಯ ಸಮ್ಮುಖದಲ್ಲಿ ವಿವರಣೆ ನೀಡಬೇಕು. ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ಭಾಗವಹಿಸುವವರಿಗಿದೆ. ಅದರಿಂದ ಸಾಮಾನ್ಯ ಚಿಕಿತ್ಸೆಗೆ ತೊಂದರೆಯಾಗಬಾರದು. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು ಪ್ರಯೋಗದಿಂದಾದ ಹಾನಿಗೆ ಉಚಿತ ಚಿಕಿತ್ಸೆ ಮತ್ತು ಪರಿಹಾರವನ್ನು ವಿಧಿಸುತ್ತವೆ.

== ಸವಾಲುಗಳು ==
ಮಾತ್ರೆ ತರುವ ಕಾರ್ಯಕರ್ತೆಯೇ ಸಂಶೋಧನೆಯ ಸುದ್ದಿಯನ್ನೂ ತಂದರೆ, ಎರಡೂ ಸರ್ಕಾರಿ ಸೇವೆಯೇ ಎಂದು ಗರ್ಭಿಣಿ ಭಾವಿಸಬಹುದು. ನಿರಾಕರಿಸಿದರೆ ಸೌಲಭ್ಯ ತಪ್ಪೀತೆಂಬ ಅಂಜಿಕೆಯೂ ಉಂಟಾಗಬಹುದು. ಭಾಷೆ ಇನ್ನೊಂದು ಸವಾಲು. ಲಂಬಾಣಿ ಸಮುದಾಯದ ಪವಿತ್ರ ಕ್ಷೇತ್ರವಾದ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲಿದೆ. ತಾಂಡಾಗಳಲ್ಲಿ ಮನೆಮಾತು ಲಂಬಾಣಿಯಾಗಿರುವುದರಿಂದ ಕನ್ನಡದ ಸಮ್ಮತಿ ಪತ್ರವನ್ನು ಆ ಭಾಷೆಯಲ್ಲಿ ಬಾಯಿಮಾತಿನಲ್ಲಿ ವಿವರಿಸುವುದು ಅಗತ್ಯವಾಗಬಹುದು.

ಕುಟುಂಬದ ಪಾತ್ರ ಯಾವಾಗಲೂ ಅಡ್ಡಿಯಲ್ಲ. ಮಾತ್ರೆಯನ್ನು ನೆನಪಿಸುವವರೂ ತಪಾಸಣೆಗೆ ಜೊತೆಗೆ ಬರುವವರೂ ಮನೆಯವರೇ. ಆದ್ದರಿಂದ ಅತ್ತೆ ಮತ್ತು ಗಂಡನಿಗೂ ಮಾಹಿತಿ ನೀಡಿ, ಅಂತಿಮ ಸಮ್ಮತಿಯನ್ನು ಗರ್ಭಿಣಿಯಿಂದ ಪ್ರತ್ಯೇಕವಾಗಿ ಕೇಳುವುದು ಸೂಕ್ತ ಕ್ರಮವೆನಿಸಿದೆ.