ವಿಕಿಪೀಡಿಯದ ತಟಸ್ಥತೆ ಮತ್ತು ಆಕರಗಳ ರಾಜಕಾರಣ

2001ರ ಜನವರಿ 15ರಂದು ಇಂಗ್ಲಿಷ್ ವಿಕಿಪೀಡಿಯ ಆರಂಭವಾದಾಗ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎದುರಿಗೆ ಒಂದು ತೊಡಕಿತ್ತು: ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶದಲ್ಲಿ ಕೊನೆಯ ಮಾತು ಯಾರದು? ಅವರು ಆತುಕೊಂಡದ್ದು ‘ತಟಸ್ಥ ದೃಷ್ಟಿಕೋನ’ ಎಂಬ ತತ್ವವನ್ನು. ವಿಶ್ವಕೋಶ ತಾನು ತೀರ್ಪು ಕೊಡುವುದಿಲ್ಲ. ಇರುವ ಅಭಿಪ್ರಾಯಗಳನ್ನು ಅವುಗಳ ತೂಕಕ್ಕೆ ತಕ್ಕಂತೆ ನಿರೂಪಿಸುತ್ತದೆ. ಆದರೆ ತಕ್ಕಡಿ ಯಾರ ಕೈಯಲ್ಲಿರಬೇಕು ಎಂಬುದು ಇತ್ಯರ್ಥವಾಗಲಿಲ್ಲ. ತಟಸ್ಥತೆಯ ಜಗಳ ಬರಬರುತ್ತ ಆಕರದ ಜಗಳವಾದದ್ದು ಹೀಗೆ ಎಂಬುದು ಈ ಲೇಖನದ ವಾದ.

ಆರಂಭದ ಕೆಲವು ವ್ಯಾಜ್ಯಗಳು ಮತದಾನದಲ್ಲಿ ಮುಗಿದವು. ಪೋಲೆಂಡಿನ ಬಂದರು ನಗರವನ್ನು ಗ್ದಾನ್ಸ್ಕ್ ಎನ್ನಬೇಕೋ, ಜರ್ಮನ್ ಹೆಸರಿನಲ್ಲಿ ಡಾಂಜಿಗ್ ಎನ್ನಬೇಕೋ ಎಂದು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತಿದ್ದ ಸಂಪಾದಕರು 2005ರಲ್ಲಿ ಮತ ಹಾಕಿದರು. 1308ಕ್ಕೆ ಮೊದಲು ಗ್ದಾನ್ಸ್ಕ್, 1308ರಿಂದ 1945ರವರೆಗೆ ಡಾಂಜಿಗ್, ಅಲ್ಲಿಂದೀಚೆಗೆ ಮತ್ತೆ ಗ್ದಾನ್ಸ್ಕ್ ಎಂದು ತೀರ್ಮಾನವಾಯಿತು.

ಅದೇ ವರ್ಷ ಪತ್ರಕರ್ತ ಜಾನ್ ಸೀಗೆನ್‌ಥಾಲರ್ ಅವರನ್ನು ಕೆನಡಿ ಸಹೋದರರ ಹತ್ಯೆಗೆ ತಳುಕು ಹಾಕಿದ ಸುಳ್ಳು ಅವರ ಪುಟದಲ್ಲಿ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಉಳಿದುದು ಬಯಲಾಯಿತು. ಅವರು ನವೆಂಬರಿನಲ್ಲಿ ‘ಯುಎಸ್‌ಎ ಟುಡೇ’ಯಲ್ಲಿ ಈ ಬಗ್ಗೆ ಬರೆದ ಬಳಿಕ ಜೀವಂತ ವ್ಯಕ್ತಿಗಳ ಪುಟಗಳಿಗೆ ಪ್ರತ್ಯೇಕ ನಿಯಮ ಬಂತು. ಆಕರವಿಲ್ಲದ ಆಪಾದನೆಯನ್ನು ಕಂಡ ಕೂಡಲೇ ತೆಗೆಯಬೇಕಾಯಿತು.

ಈ ಬಿಗಿಯ ಇನ್ನೊಂದು ಮುಖ ಕಂಡದ್ದು ಹೇಮಾರ್ಕೆಟ್ ಪುಟದಲ್ಲಿ. 1886ರ ಮೇ 4ರಂದು ಷಿಕಾಗೋದ ಹೇಮಾರ್ಕೆಟ್‌ನಲ್ಲಿ ಕಾರ್ಮಿಕರ ಸಭೆ ಚದುರಿಸಲು ಬಂದ ಪೊಲೀಸರ ಮೇಲೆ ಬಾಂಬ್ ಬಿತ್ತು. ವಿಚಾರಣೆಯಲ್ಲಿ ಸರ್ಕಾರಿ ಪಕ್ಷ ಆರೋಪಿಗಳನ್ನು ಬಾಂಬಿಗೆ ತಳುಕು ಹಾಕುವ ಸಾಕ್ಷ್ಯವನ್ನೇ ಒದಗಿಸಲಿಲ್ಲ ಎಂದು ಪುಟ ಹೇಳುತ್ತಿತ್ತು. ವಿಚಾರಣೆಯ ದಾಖಲೆಗಳನ್ನೇ ಓದಿದ್ದ ಇತಿಹಾಸಕಾರ ಟಿಮೊಥಿ ಮೆಸ್ಸರ್-ಕ್ರೂಸ್ ಅದನ್ನು ತಿದ್ದಿದರು. ಸಂಪಾದಕರು ಮೊದಲಿನಂತೆ ಮಾಡಿದರು. ಪ್ರಾಥಮಿಕ ದಾಖಲೆ ಸಾಲದು, ಪ್ರಕಟಿತ ಅಧ್ಯಯನ ಬೇಕು ಎಂದರು. 2011ರಲ್ಲಿ ಮೆಸ್ಸರ್-ಕ್ರೂಸ್ ಅವರದೇ ಪುಸ್ತಕ ಹೊರಬಂದ ಮೇಲೆ, ಅದು ಅಲ್ಪಸಂಖ್ಯಾತ ವಿದ್ವಾಂಸರ ಮತ, ಅದಕ್ಕೆ ಅಷ್ಟು ತೂಕ ಸಲ್ಲದು ಎಂಬ ಉತ್ತರ ಬಂತು. 2012ರಲ್ಲಿ ಅವರು ಈ ಅನುಭವವನ್ನು ಪ್ರಕಟಿಸಿದಾಗ ದೊಡ್ಡ ಚರ್ಚೆ ನಡೆಯಿತು. ಸಂಪಾದಕರು ನಿಯಮ ಮೀರಿರಲಿಲ್ಲ. ಹೊಸ ಶೋಧನೆಗೆ ವಿದ್ವತ್ ವಲಯದ ಒಪ್ಪಿಗೆ ಸಿಗುವವರೆಗೆ ಕಾಯುವುದೇ ನಿಯಮವಾಗಿತ್ತು.

ಅಚ್ಚಾದದ್ದೆಲ್ಲ ಆಕರವೆಂದೂ ಅಲ್ಲ. 2017ರ ಫೆಬ್ರವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರು ಬ್ರಿಟನ್ನಿನ ‘ಡೈಲಿ ಮೇಲ್’ ಪತ್ರಿಕೆಯನ್ನು ಸಾಮಾನ್ಯವಾಗಿ ಆಕರವಾಗಿ ಬಳಸಬಾರದೆಂದು ನಿರ್ಧರಿಸಿದರು. ಅಚ್ಚಾಗದ ತಿಳಿವಳಿಕೆಯ ಪ್ರಶ್ನೆಯನ್ನು ಎತ್ತಿದ್ದು 2011ರಲ್ಲಿ ಸಂಶೋಧಕ ಅಚಲ್ ಪ್ರಭಾಲ ಭಾರತ ಮತ್ತು ದಕ್ಷಿಣ ಆಫ್ರಿಕದಲ್ಲಿ ನಡೆಸಿದ ಪ್ರಯೋಗ. ಆಟ, ಆಚರಣೆಗಳನ್ನು ಬಲ್ಲವರ ಧ್ವನಿಮುದ್ರಣಗಳನ್ನೇ ಉಲ್ಲೇಖವಾಗಿ ಕೊಡಲಾಯಿತು. ಆದರೆ ಹೇಳಿದವರ ಮಾತನ್ನು ತಾಳೆ ನೋಡುವ ಬಗೆ ಯಾವುದೆಂಬ ಆಕ್ಷೇಪ ನಿಂತಿತು.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೂ ಆಕರದ ಈ ಪ್ರಶ್ನೆ ಅನ್ವಯಿಸುತ್ತದೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿದ್ದರ ಮಹತ್ವ ಇಲ್ಲಿದೆ. ಉಲ್ಲೇಖಿಸಲು ಆಕರವೇ ಕೈಗೆ ಸಿಗದ ವಿಷಯದಲ್ಲಿ ಎಷ್ಟೇ ಪ್ರಾಮಾಣಿಕ ಸಂಪಾದಕರೂ ತಟಸ್ಥರಾಗಿ ಬರೆಯಲಾರರು. ಆದ್ದರಿಂದ ತಟಸ್ಥತೆಯ ಕೆಲಸ ಚರ್ಚಾಪುಟಕ್ಕಿಂತ ಮೊದಲು ಗ್ರಂಥಾಲಯದಲ್ಲಿ, ಕ್ಷೇತ್ರಕಾರ್ಯದಲ್ಲಿ ಆಗಬೇಕು.